ಎತ್ತರವೂ ಏರಿಕೆಯೂ

ಮೇಲಕ್ಕೇರಬೇಕೆಂಬ ಹಂಬಲವು ಮಾನವನಿಗೆ ಹುಟ್ಟಿನೊಡನೆ ಬಂದುದು. ತೊಟ್ಟಿಲ ಶಿಶುವು ತಾಯ ತೋಳನ್ನು ಹಿಡಿದು ಮೇಲೇಳಲು ಯತ್ನಿಸುವುದು. ಹೊಸ್ತಿಲು ದಾಟಿದ ಮಗುವು ಮೆಟ್ಟಿಲನ್ನು ಹತ್ತಲೆಳಸುವುದು. ಶರಣರು ಈ ಹಂಬಲವನ್ನು ಹಳಿದವರಲ್ಲ. ಅದಕ್ಕೊಂದು ದಾರಿಯನ್ನು ತೋರಿದವರು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳು ಸಾಧಕನು ಏರತಕ್ಕ ಆರು ನೆಲೆಗಳು. ಈ ಏರಿಕೆಯ ವೈಶಿಷ್ಟ್ಯವಾದರೂ ಏನು? ಏರಿದಂತೆಲ್ಲ ಏರುವವನ ‘ನಾನು’ ಎಂಬುದು ಕಿರಿದಾಗುತ್ತ ಹೋಗುವುದು. ತುದಿಯನ್ನು ಮುಟ್ಟಿದಲ್ಲಿ ‘ಏರಿದವನು ನಾನು’ ಎಂದು ಹೇಳಿಕೊಳ್ಳಲು ಯಾರೂ ಉಳಿದಿರುವುದಿಲ್ಲ. ಲೋಕದ ಏರಿಕೆಯ ರೀತಿಯೇ ಬೇರೆ. ಅಲ್ಲಿ ಏರಿದಂತೆಲ್ಲ ‘ನಾನು’ ಬೆಳೆಯುವುದು. ಈ ಎರಡರ ಅಂತರವನ್ನು ಅರಿಯಬೇಕೆನ್ನುವವರು ಅಮೆರಿಕೆಯ ನ್ಯೂಯಾರ್ಕ್ ನಗರದ ಗಗನಚುಂಬಿ ಕಟ್ಟಡಗಳ ಚರಿತ್ರೆಯನ್ನು ಒಮ್ಮೆ ಪರ್ಯಾಲೋಚಿಸುವುದು ಒಳಿತು.

ಆ ನಗರದ ಹೃದಯವೆನಿಸಿದ ಮ್ಯಾನ್‌ಹಟನ್ ಒಂದು ಇಕ್ಕಟ್ಟಾದ ದ್ವೀಪ. ಅಲ್ಲಿ ೧೮೪೬ರಲ್ಲಿ ಪೂರ್ಣಗೊಂಡ ಟ್ರಿನಿಟಿ ಎಂಬ ಇಗರ್ಜಿಯ ಶಿಖರವು ೨೮೧ ಅಡಿಗಳಷ್ಟು ಎತ್ತರವಾಗಿತ್ತು. ಬಂದರಿಗೆ ಬರುವ ಹಡಗುಗಳವರಿಗೆ ಅದೇ ದೂರದ ಗುರುತು. ೧೮೯೦ರಲ್ಲಿ ಒಂದು ವೃತ್ತಪತ್ರಿಕೆಯ ಕಚೇರಿಯ ಗುಮ್ಮಟವು ಆ ಶಿಖರವನ್ನು ಮೀರಿ ನಿಂತಿತು. ಊರಿನ ತಲೆಯ ಮೇಲೆ ದೇವಮಂದಿರವಿದ್ದ ಕಾಲವು ಕಳೆದು, ವ್ಯವಹಾರದ ಮಂದಿರವು ಅಲ್ಲಿಗೇರಿದುದಕ್ಕೆ ಇದೊಂದು ಕುರುಹು. ಇದಕ್ಕೆ ಅನುಕೂಲವಾದ ಸಾಧನಗಳು ಎರಡು. ಒಂದು, ಲಿಫ್ಟು. ಎಲೀಷಾ ಓಟಿಸ್ ಎಂಬಾತನು ೧೮೫೪ರಲ್ಲಿ ಅದೇ ನಗರದ ವಸ್ತುಪ್ರದರ್ಶನದಲ್ಲಿ ಎತ್ತರದಲ್ಲಿ ತೂಗುತ್ತಿದ್ದ ಹಲಗೆಯ ಮೇಲೆ ನಿಂತು, ಅದರ ಹಗ್ಗವನ್ನು ಕಡಿಯಿಸಿದನು. ಹಲಗೆಯು ಬೀಳಲಿಲ್ಲ, ಆತನು ರಚಿಸಿದ ತಡೆಯು ಅದನ್ನು ಹಿಡಿದು ನಿಲ್ಲಿಸಿತು. ಎರಡನೆಯದು, ಉಕ್ಕಿನ ಚೌಕಟ್ಟು. ಗೋಡೆಯು ಭಾರವನ್ನು ಹೊರುವ ಕೆಲಸದಿಂದ ಬಿಡುಗಡೆ ಹೊಂದಿ, ಉಕ್ಕಿನ ಎಲುಬುಗಳೇ ಕಟ್ಟಡವನ್ನು ಹೊತ್ತವು. ನೆಲವು ದುಬಾರಿಯಾದಂತೆ, ಒಂದೇ ನೆಲದ ಮೇಲೆ ಹತ್ತು ನೆಲಗಳನ್ನೂ ಇಪ್ಪತ್ತು ನೆಲಗಳನ್ನೂ ಸೃಷ್ಟಿಸುವ ಬುದ್ಧಿಯು ಮಾನವನಿಗೆ ಹೊಳೆಯಿತು. ೧೯೧೩ರಲ್ಲಿ ಅಗ್ಗದ ಸಾಮಾನುಗಳ ವ್ಯಾಪಾರದಿಂದ ಸಿರಿವಂತನಾದ ವೂಲ್‌ವರ್ತ್ ಎಂಬಾತನು ೭೯೨ ಅಡಿಗಳ ಕಟ್ಟಡವನ್ನು ನಿಲ್ಲಿಸಿದನು. ಜನರು ಅದನ್ನು ವಾಣಿಜ್ಯದ ಮಹಾದೇವಾಲಯವೆಂದು ಕರೆದರು.

ಇದನ್ನೆಲ್ಲ ಕೇವಲ ಅಹಂಕಾರದ ಫಲವೆಂದು ತಳ್ಳಿಬಿಡುವುದು ಶರಣಮಾರ್ಗಕ್ಕೆ ಸಲ್ಲದು. ಕಾಯಕವನ್ನೇ ಪೂಜೆಯೆಂದು ಬಗೆದ ಧರ್ಮವು ಕೈಯ ಕೌಶಲವನ್ನು ಎಲ್ಲಿ ಕಂಡರೂ ತಲೆಬಾಗುವುದು. ಆ ಎತ್ತರದ ತೊಲೆಗಳ ಮೇಲೆ ದುಡಿದವರ ಸಂಗತಿಯನ್ನು ಕೇಳಿದರೆ ಸಾಕು. ನಾಲ್ವರು ಸೇರಿ ಒಂದು ತಂಡ. ಒಬ್ಬನು ಕುಲುಮೆಯಲ್ಲಿ ರಿವೆಟ್ಟನ್ನು ಕೆಂಪಗೆ ಕಾಯಿಸಿ ಇಕ್ಕಳದಿಂದ ಎಸೆಯುವನು. ಎರಡನೆಯವನು ಅದನ್ನು ಡಬ್ಬಿಯಲ್ಲಿ ಹಿಡಿದು ರಂಧ್ರಕ್ಕೆ ಸೇರಿಸುವನು. ಮೂರನೆಯವನು ಒತ್ತಿ ಹಿಡಿಯುವನು. ನಾಲ್ಕನೆಯವನು ಬಡಿದು ಕೂಡಿಸುವನು. ಕೆಳಗೆ ನೂರಾರು ಅಡಿಗಳ ಆಳ. ಮೊಹಾಕ್ ಎಂಬ ಮೂಲನಿವಾಸಿ ಜನಾಂಗದವರೂ, ನಾನಾ ದೇಶಗಳಿಂದ ಬಂದ ಬಡವರೂ ಹೀಗೆ ಒಬ್ಬರನ್ನೊಬ್ಬರು ನಂಬಿ ದುಡಿದರು. ಹಗ್ಗವನ್ನು ಹೊಸೆದು ಮಾರಿ ಜಂಗಮಸೇವೆ ಮಾಡಿದ ನುಲಿಯ ಚಂದಯ್ಯನವರು ಇವರನ್ನು ಕಂಡಿದ್ದರೆ ತಮ್ಮ ಬಳಗದವರೆಂದೇ ಭಾವಿಸುತ್ತಿದ್ದರು. ಆದುದರಿಂದ ದೋಷವು ಎತ್ತರದಲ್ಲಿಲ್ಲ, ದುಡಿಮೆಯಲ್ಲಿಯೂ ಇಲ್ಲ. ಹಾಗಾದರೆ ಅದು ಎಲ್ಲಿ ನುಸುಳಿತು?

ಮೊದಲು ಅದು ನೆರಳಿನ ರೂಪದಲ್ಲಿ ಕಾಣಿಸಿಕೊಂಡಿತು. ೧೯೧೫ರಲ್ಲಿ ಈಕ್ವಿಟಬಲ್ ಎಂಬ ಸುಮಾರು ೪೦ ಅಂತಸ್ತುಗಳ ಕಟ್ಟಡವು ಬೀದಿಯ ಅಂಚಿನಿಂದಲೇ ನೆಟ್ಟಗೆ ಮೇಲೆದ್ದಿತು. ತನ್ನ ನಿವೇಶನದ ಅಂಗುಲವನ್ನೂ ಅದು ಬಿಟ್ಟುಕೊಡಲಿಲ್ಲ. ಅದರ ನೆರಳು ಸುಮಾರು ೭ ಎಕರೆಗಳಷ್ಟು ಹರಡಿ, ನೆರೆಯ ಮನೆಗಳ ಬಿಸಿಲನ್ನೂ ಬೆಳಕನ್ನೂ ನುಂಗಿತು. ಇಂತಹ ಕಾರಣಗಳಿಂದ ೧೯೧೬ರಲ್ಲಿ ನಗರವು ಒಂದು ಕಟ್ಟಳೆಯನ್ನು ಮಾಡಿತು: ಕಟ್ಟಡವು ಏರಿದಂತೆಲ್ಲ ಬೀದಿಯಿಂದ ಹಿಂದೆ ಸರಿಯಬೇಕು. ಅಂದಿನಿಂದ ಅಲ್ಲಿಯ ಕಟ್ಟಡಗಳು ಮೆಟ್ಟಿಲು ಮೆಟ್ಟಿಲಾಗಿ, ಮೇಲೆ ಹೋದಂತೆ ಮೈ ಕುಗ್ಗಿಸಿಕೊಂಡು ನಿಂತವು. ರಾಜಶಾಸನವು ಹೇರಿದ ಈ ನಿಯಮದಲ್ಲಿ ಒಂದು ಧರ್ಮಸೂಕ್ಷ್ಮವಿದೆ. ಮೇಲೇರುವವನು ತನ್ನನ್ನು ಕುಗ್ಗಿಸಿಕೊಳ್ಳದೆ ಏರಿದರೆ ಕೆಳಗಿರುವವನ ಪಾಲಿನ ಸೂರ್ಯನು ಮರೆಯಾಗುವನು. ಷಟ್‌ಸ್ಥಲದ ಏರಿಕೆಯಲ್ಲಿ ‘ನಾನು’ ಕುಗ್ಗಬೇಕೆಂದುದರ ಲೋಕೋಪಯೋಗವೂ ಇದೇ.

ಕಟ್ಟಳೆಯು ಕಟ್ಟಡದ ಮೈಯನ್ನು ಕುಗ್ಗಿಸಬಲ್ಲುದು. ಕಟ್ಟಿಸಿದವನ ಮನಸ್ಸನ್ನು ಕುಗ್ಗಿಸಬಲ್ಲುದೆ? ೧೯೨೯ರಲ್ಲಿ ಅಲ್ಲಿ ಒಂದು ಸ್ಪರ್ಧೆಯು ನಡೆಯಿತು. ವಾಲ್ ಸ್ಟ್ರೀಟಿನ ೪೦ನೆಯ ಸಂಖ್ಯೆಯ ಕಟ್ಟಡ ಒಂದು, ಕ್ರೈಸ್ಲರ್ ಕಟ್ಟಡ ಇನ್ನೊಂದು. ಎರಡೂ ಜಗತ್ತಿನಲ್ಲಿ ತಾನೇ ಹಿರಿದಾಗಬೇಕೆಂದು ಹವಣಿಸಿದವು. ಇವುಗಳ ವಾಸ್ತುಶಿಲ್ಪಿಗಳಾದ ಸೆವರೆನ್ಸ್ ಮತ್ತು ವ್ಯಾನ್ ಆಲೆನ್ ಎಂಬವರು ಹಿಂದೆ ಒಂದೇ ಸಂಸ್ಥೆಯ ಪಾಲುದಾರರಾಗಿದ್ದು ಬೇರೆಯಾದವರು. ಮೊದಲನೆಯ ಕಟ್ಟಡವು ೯೨೭ ಅಡಿಗಳಿಗೇರಿ ಗೆಲುವು ತನ್ನದೆಂದು ನಂಬಿತು. ಆದರೆ ಕ್ರೈಸ್ಲರ್ ಕಟ್ಟಡದ ಒಡಲಿನಲ್ಲಿ ೧೮೫ ಅಡಿ ಉದ್ದದ ಉಕ್ಕಿನ ಮೊನೆಯೊಂದನ್ನು ಗುಟ್ಟಾಗಿ ಸಿದ್ಧಪಡಿಸಿದ್ದರು. ೧೯೨೯ರ ಅಕ್ಟೋಬರ್ ೨೩ರಂದು ಅದನ್ನು ಒಳಗಿನಿಂದ ಮೇಲಕ್ಕೆತ್ತಿ ನೆತ್ತಿಯ ಮೇಲೆ ನಿಲ್ಲಿಸಿದರು. ಎತ್ತರವು ೧೦೪೬ ಅಡಿಗಳಾಯಿತು. ಆ ಮೊನೆಯಲ್ಲಿ ಒಂದು ಕೋಣೆಯಿಲ್ಲ, ಒಂದು ಕಿಟಕಿಯಿಲ್ಲ, ಒಬ್ಬನು ಕುಳಿತು ಕೆಲಸ ಮಾಡುವ ಎಡೆಯಿಲ್ಲ. ನೆರೆಯವನಿಗಿಂತ ಮೇಲೆನಿಸಿಕೊಳ್ಳುವುದೊಂದೇ ಅದರ ಕಾಯಕ.

ಇಲ್ಲಿ ಕಲ್ಯಾಣದ ಒಂದು ಬಡ ಗುಡಿಸಲು ನೆನಪಿಗೆ ಬರುವುದು. ಆಯ್ದಕ್ಕಿ ಮಾರಯ್ಯನವರು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ದಾಸೋಹವನ್ನು ನಡೆಸುತ್ತಿದ್ದರು. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚಿನ ಅಕ್ಕಿಯನ್ನು ತಂದರು. ಪತ್ನಿ ಲಕ್ಕಮ್ಮನವರು ಅದನ್ನು ಕಂಡು ಹಿಗ್ಗಲಿಲ್ಲ, ಬೆಚ್ಚಿದರು. ಅಂದಂದಿನ ದಾಸೋಹಕ್ಕೆ ಬೇಕಾದುದಕ್ಕಿಂತ ಮಿಗಿಲಾದುದು ತಮ್ಮ ಮನೆಗೆ ಸಲ್ಲದೆಂದೂ, ತಂದಲ್ಲಿಗೇ ಅದನ್ನು ಮರಳಿ ಸುರಿದು ಬರಬೇಕೆಂದೂ ಪತಿಗೆ ತಿಳಿಹೇಳಿದರು. ಮಾರಯ್ಯನವರು ಹಾಗೆಯೇ ಮಾಡಿದರು. ಹಿಡಿಯಷ್ಟು ಅಕ್ಕಿಯಲ್ಲಿ ಆ ತಾಯಿಯು ಕಂಡುದು ಏನನ್ನು? ಅಗತ್ಯವು ಎಲ್ಲಿ ಮುಗಿಯುವುದೋ ಅಲ್ಲಿಂದಲೇ ಆಸೆಯು ಮೊದಲಾಗುವುದೆಂಬ ಗಡಿಯನ್ನು. ಕ್ರೈಸ್ಲರ್ ಕಟ್ಟಡದ ಆ ೧೮೫ ಅಡಿಗಳು ಹೆಚ್ಚಿನ ಅಕ್ಕಿಯಲ್ಲದೆ ಮತ್ತೇನು? ೨೦೧೦ರಲ್ಲಿ ದುಬೈ ನಗರದಲ್ಲಿ ತೆರೆದ ೮೨೮ ಮೀಟರುಗಳ ಬುರ್ಜ್ ಖಲೀಫಾ ಕಟ್ಟಡದಲ್ಲಿಯೂ ಮೇಲಿನ ೨೪೦ ಮೀಟರುಗಳಿಗೂ ಮಿಕ್ಕ ಭಾಗವು ಜನರು ಬಳಸದ ಎತ್ತರವೇ ಆಗಿದೆ. ಹೆಚ್ಚಿನ ಅಕ್ಕಿಯನ್ನು ಮರಳಿ ಸುರಿಯಿರೆಂದು ಹೇಳುವ ಲಕ್ಕಮ್ಮನವರು ಆ ಮನೆಗಳಲ್ಲಿ ಇರಲಿಲ್ಲ.

ಮೊನೆಯು ಮೇಲೇರಿದ ಮರುದಿನವೇ, ಎಂದರೆ ಅಕ್ಟೋಬರ್ ೨೪ರಂದು, ಅದೇ ನಗರದ ಷೇರು ಪೇಟೆಯು ಕುಸಿಯತೊಡಗಿತು. ೨೯ರಂದು ಮತ್ತಷ್ಟು ನೆಲಕಚ್ಚಿತು. ಒಂದು ಮತ್ತೊಂದಕ್ಕೆ ಕಾರಣವೆಂದಲ್ಲ. ಎರಡರ ಬೇರಿನಲ್ಲಿಯೂ ಇದ್ದುದು ಮಿತಿಯನ್ನರಿಯದ ಆಸೆಯೊಂದೇ. ಕ್ರೈಸ್ಲರ್ ಕಟ್ಟಡದ ಕಿರೀಟವೂ ಬಹುಕಾಲ ಉಳಿಯಲಿಲ್ಲ. ೧೯೩೧ರ ಮೇ ೧ರಂದು ೧೦೨ ಅಂತಸ್ತುಗಳ, ೧೨೫೦ ಅಡಿ ಎತ್ತರದ ಎಂಪೈರ್ ಸ್ಟೇಟ್ ಕಟ್ಟಡವು ತೆರೆಯಿತು. ಅದರ ನೆತ್ತಿಗೆ ವಾಯುನೌಕೆಗಳನ್ನು ಕಟ್ಟಲೆಂದು ೨೦೦ ಅಡಿಗಳ ಕಂಬವನ್ನು ನಿಲ್ಲಿಸಿದ್ದರು. ಅಲ್ಲಿ ಬೀಸುವ ಗಾಳಿಯು ಅದಕ್ಕೆ ಎಡೆಗೊಡದೆ ಆ ಉದ್ದೇಶವು ಕೈಗೂಡಲಿಲ್ಲ. ಆರ್ಥಿಕ ಮುಗ್ಗಟ್ಟಿನಿಂದ ಕಟ್ಟಡದ ಬಹುಭಾಗವು ವರ್ಷಗಟ್ಟಲೆ ಬಾಡಿಗೆಗೆ ಹೋಗದೆ ಉಳಿಯಿತು. ಜನರು ಎಂಪೈರ್ ಎಂಬ ಹೆಸರನ್ನೇ ತಿರುಚಿ, ಬರಿದೆಂಬ ಅರ್ಥದಲ್ಲಿ ‘ಎಂಪ್ಟಿ ಸ್ಟೇಟ್’ ಎಂದು ಹಾಸ್ಯ ಮಾಡಿದರು. ಅದೇ ದಿನಗಳಲ್ಲಿ ನಗರದ ಬೀದಿಗಳಲ್ಲಿ ರೊಟ್ಟಿಯ ತುಂಡಿಗಾಗಿ ನಿರುದ್ಯೋಗಿಗಳು ಸಾಲುಗಟ್ಟಿ ನಿಂತಿದ್ದರು. ಸೆಂಟ್ರಲ್ ಪಾರ್ಕ್ ಎಂಬ ವಿಶಾಲ ಉದ್ಯಾನದಲ್ಲಿ, ನೀರು ಬತ್ತಿಸಿದ ಕೆರೆಯ ಪಾತ್ರದಲ್ಲಿ, ಮನೆ ಕಳೆದುಕೊಂಡವರು ಹಲಗೆಯ ತುಂಡುಗಳಿಂದ ಗುಡಿಸಲುಗಳನ್ನು ಹಾಕಿಕೊಂಡಿದ್ದರು. ಮೇಲೆ ಜನರಿಲ್ಲದ ಮನೆ, ಕೆಳಗೆ ಮನೆಯಿಲ್ಲದ ಜನ! ದಾಸೋಹವನ್ನು ಮರೆತ ಎತ್ತರಕ್ಕೆ ಇದಕ್ಕಿಂತ ಸ್ಫುಟವಾದ ಚಿತ್ರವಿನ್ನೊಂದು ಬೇಕೆ? ಆ ಉದ್ಯಾನದ ದಕ್ಷಿಣದಲ್ಲಿ ಈಚಿನ ವರ್ಷಗಳಲ್ಲಿ ಸಿರಿವಂತರ ನಿವಾಸಗಳಾಗಿ ಕಡ್ಡಿಯಂತಹ ತೆಳುವಾದ ಗೋಪುರಗಳೆದ್ದಿವೆ. ಅವುಗಳಲ್ಲೊಂದು ೧೫೫೦ ಅಡಿಗಳಷ್ಟು ಎತ್ತರ. ಮಕ್ಕಳು ಆಡುವ ಹುಲ್ಲಿನ ಮೇಲೆ ಅವುಗಳ ನೆರಳು ಬೀಳುವುದೆಂಬ ದೂರು ನಗರದಲ್ಲಿ ಮತ್ತೆ ಕೇಳಿಬಂದಿದೆ. ಒಂದು ಶತಮಾನದ ಹಿಂದಿನ ಪ್ರಶ್ನೆಯು ಹೀಗೆ ಮರಳಿ ಬಂದು ನಿಂತಿದೆ.

ಕಟ್ಟಿದುದು ನಿಲ್ಲುವುದೆಂಬ ಭರವಸೆಯಾದರೂ ಇದೆಯೆ? ೧೯೦೮ರಲ್ಲಿ ಜಗತ್ತಿನಲ್ಲೇ ಎತ್ತರವೆನಿಸಿದ ಸಿಂಗರ್ ಕಟ್ಟಡವನ್ನು ೧೯೬೮ರ ಹೊತ್ತಿಗೆ ಕೆಡವಿ ಹಾಕುತ್ತಿದ್ದರು. ಅದಕ್ಕಿಂತ ಅಗಲವಾದ ಬೇರೊಂದು ಕಟ್ಟಡಕ್ಕೆ ಸ್ಥಳ ಬೇಕಾಗಿತ್ತು, ಅಷ್ಟೆ. ಬಸವಣ್ಣನವರು ನಿಂತ ಕಟ್ಟಡಕ್ಕಿಂತ ಅರಿವಿನಿಂದ ನಡೆದಾಡುವ ಜೀವವನ್ನು ಹಿರಿದೆಂದು ಬಗೆದುದರ ಮರ್ಮವು ಇಲ್ಲಿದೆ. ಆದರೆ ಆ ಮರ್ಮವು ಪೂರ್ಣವಾಗಿ ಪ್ರಕಟವಾದುದು ಅದೇ ನಗರದ ಒಂದು ದಾರುಣ ದಿನದಲ್ಲಿ.

೧೯೭೩ರಲ್ಲಿ ಅಲ್ಲಿ ಲೋಕಾರ್ಪಣೆಗೊಂಡ, ತಲಾ ೧೧೦ ಅಂತಸ್ತುಗಳ ಅವಳಿ ಗೋಪುರಗಳನ್ನು ೨೦೦೧ರ ಸೆಪ್ಟೆಂಬರ್ ೧೧ರಂದು ಹಿಂಸಾವಾದಿಗಳು ವಿಮಾನಗಳನ್ನು ಅಪ್ಪಳಿಸಿ ಉರುಳಿಸಿದರು. ಸಾವಿರಾರು ನಿರಪರಾಧಿಗಳು ಅಸುನೀಗಿದರು. ಇದನ್ನು ಅಹಂಕಾರಕ್ಕೆ ಬಂದ ಶಿಕ್ಷೆಯೆಂದು ವ್ಯಾಖ್ಯಾನಿಸುವ ನಾಲಗೆಯು ಕರುಣೆಯನ್ನು ಮರೆತ ನಾಲಗೆ. ಅದು ಶರಣರ ನಾಲಗೆಯಲ್ಲ. ಅಂದು ನಡೆದ ಇನ್ನೊಂದು ಏರಿಕೆಯನ್ನು ಮಾತ್ರ ನೆನೆಯಬೇಕು. ಬೆಂಕಿಗೆ ಹೆದರಿ ಸಹಸ್ರಾರು ಜನರು ಮೆಟ್ಟಿಲುಗಳಲ್ಲಿ ಕೆಳಗಿಳಿಯುತ್ತಿದ್ದಾಗ, ಅದೇ ಮೆಟ್ಟಿಲುಗಳಲ್ಲಿ ಅಗ್ನಿಶಾಮಕ ದಳದವರು ಭಾರವಾದ ಉಪಕರಣಗಳನ್ನು ಹೊತ್ತು ಮೇಲಕ್ಕೇರುತ್ತಿದ್ದರು. ಅವರಲ್ಲಿ ೩೪೩ ಮಂದಿ ಮರಳಿ ಬರಲಿಲ್ಲ. ಅವರಿಗೆ ತುದಿಯನ್ನು ಮುಟ್ಟುವ ಹಂಬಲವಿರಲಿಲ್ಲ. ಯಾರಿಗಿಂತಲೂ ಮೇಲೆನಿಸಿಕೊಳ್ಳುವ ಎಣಿಕೆಯಿರಲಿಲ್ಲ. ಗುರುತಿಲ್ಲದ ಒಬ್ಬ ಮನುಷ್ಯನನ್ನು ಕೆಳಗಿಳಿಸಿ ತರಬೇಕೆಂದು ಅವರು ಏರಿದರು. ‘ನಾನು’ ಎಂಬುದನ್ನು ಕೆಳಗೇ ಬಿಟ್ಟು ಏರಿದ ಏರಿಕೆಯದು. ಉಕ್ಕಿನ ಎತ್ತರವು ಕೆಲವು ಗಳಿಗೆಗಳಲ್ಲಿ ಧೂಳಾಯಿತು; ಆ ಮೆಟ್ಟಿಲುಗಳಲ್ಲಿ ನಡೆದ ಏರಿಕೆಯು ಇಂದಿಗೂ ಕುಸಿದಿಲ್ಲ. ಅದೇ ನೆಲೆಯಲ್ಲಿ ೨೦೧೪ರಲ್ಲಿ ೧೭೭೬ ಅಡಿಗಳ ಹೊಸ ಕಟ್ಟಡವು ತೆರೆದಿದೆ. ಆದರೆ ಅಲ್ಲಿಗೆ ಬರುವ ಯಾತ್ರಿಕರು ತಲೆಬಾಗುವುದು ಅದರ ತುದಿಗಲ್ಲ. ಹಳೆಯ ಗೋಪುರಗಳಿದ್ದೆಡೆಯಲ್ಲಿ ನೆಲಮಟ್ಟಕ್ಕಿಂತ ಕೆಳಗೆ ನೀರು ಧುಮುಕುವ ಎರಡು ಕೊಳಗಳ ಅಂಚಿನಲ್ಲಿ ಕೊರೆದಿರುವ ಹೆಸರುಗಳಿಗೆ.

ದೂರದ ನಗರದ ಈ ಕಥೆಯು ಕನ್ನಡ ನಾಡಿನ ಭಕ್ತನಿಗೆ ಹೊರಗಿನದಲ್ಲ. ಇಲ್ಲಿಯ ಊರುಗಳಲ್ಲಿಯೂ ಅಂತಸ್ತಿನ ಮೇಲೆ ಅಂತಸ್ತು ಏರುತ್ತಿದೆ. ಗೃಹಸ್ಥನು ಮನೆಯನ್ನು ಕಟ್ಟಿಸಲಿ. ಮಕ್ಕಳು ಬೆಳೆದಂತೆ ಮಾಳಿಗೆಯನ್ನೂ ಏರಿಸಲಿ. ಆದರೆ ಬೇಕಾದಷ್ಟು ಅಂತಸ್ತುಗಳು ಮುಗಿದು, ನೆರೆಯವನ ಮಾಳಿಗೆಯನ್ನು ಮೀರಿಸಲೆಂದೇ ಇನ್ನೊಂದನ್ನು ಕಟ್ಟಲು ಮನಸ್ಸು ಎಳೆದಾಗ, ಆ ಮನೆಯೊಳಗೆ ಲಕ್ಕಮ್ಮನವರ ದನಿಯು ಒಮ್ಮೆ ಕೇಳಿಸಲಿ. ಈ ಮಾತು ಮಠಮಂದಿರಗಳಿಗೂ ಸಲ್ಲುವುದು. ಮಹಾದ್ವಾರದ ಎತ್ತರವನ್ನು ಅಳೆಯುವ ಮುನ್ನ ಅಡುಗೆಮನೆಯ ಒಲೆಯು ಉರಿಯುತ್ತಿದೆಯೆ, ಪ್ರಸಾದನಿಲಯದಲ್ಲಿ ಬಡ ವಿದ್ಯಾರ್ಥಿಗೊಂದು ಎಡೆಯಿದೆಯೆ ಎಂಬುದನ್ನು ನೋಡುವುದು ಶರಣಧರ್ಮ. ಒಲೆಯು ಆರಿದ ಮಠದ ಗೋಪುರವು ಎಷ್ಟೇ ಏರಲಿ, ಅದು ಹೆಚ್ಚಿನ ಅಕ್ಕಿಯೇ. ದಾನಿಯ ಹೆಸರನ್ನು ಕೊರೆಯುವ ಕಲ್ಲಿನ ಅಗಲದಲ್ಲಿ ಒಬ್ಬ ಹಸಿದವನು ಕುಳಿತು ಉಣ್ಣಬಹುದೆಂಬುದನ್ನು ದಾನಿಯೂ ಮರೆಯಬಾರದು, ದಾನವನ್ನು ಪಡೆದವರೂ ಮರೆಯಬಾರದು.

ಕಟ್ಟಡದ ಎತ್ತರವನ್ನು ಅಡಿಗಳಿಂದ ಅಳೆಯುವರು. ಬಾಳಿನ ಎತ್ತರಕ್ಕೆ ಅಳತೆಗೋಲು ಬೇರೆ. ಮೇಲೇರಿದವನ ನೆರಳಿನಲ್ಲಿ ಕೆಳಗಿನವನು ಬೆಳಕನ್ನು ಕಳೆದುಕೊಂಡನೋ, ಅಥವಾ ಬಿಸಿಲಿಗೆ ಬೆಂದವನು ಆಸರೆಯನ್ನು ಪಡೆದನೋ ಎಂಬುದೇ ಆ ಅಳತೆ. ಒಂದೇ ನೆರಳು ಎರಡೂ ಆಗಬಲ್ಲುದು. ದಾಸೋಹವಿದ್ದಲ್ಲಿ ಅದು ಆಸರೆ, ಇಲ್ಲದಲ್ಲಿ ಕತ್ತಲೆ. ಅಹಂಕಾರವನ್ನು ಅಡಿಪಾಯದಲ್ಲಿಯೇ ಹೂತು, ಕಾಯಕದಿಂದ ಗೋಡೆಯನ್ನೆತ್ತಿ, ದಾಸೋಹದ ಬಾಗಿಲನ್ನು ತೆರೆದಿಟ್ಟವನ ಮನೆಯು ಒಂದೇ ಅಂತಸ್ತಿನದಾದರೂ ಅದಕ್ಕಿಂತ ಎತ್ತರವಾದುದು ಯಾವ ನಗರದಲ್ಲಿಯೂ ಇರಲಾರದು.