ಬೆನ್ನಟ್ಟುವವರು ಯಾರು?

1950ರ ದಶಕದಲ್ಲಿ ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಡೇವಿಡ್ ರೋಜರ್ಸ್ ಸೂಕ್ಷ್ಮದರ್ಶಕದಡಿ ತೆಗೆದ ಒಂದು ಪುಟ್ಟ ಚಲನಚಿತ್ರವಿದೆ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ, ಕೆಂಪು ಕಣಗಳ ನಡುವೆ ನುಸುಳುತ್ತ ಬ್ಯಾಕ್ಟೀರಿಯಾವನ್ನು ಅಟ್ಟಿಸಿಕೊಂಡು ಹೋಗುತ್ತದೆ. ಅದು ತಿರುಗಿದತ್ತ ತಾನೂ ತಿರುಗಿ, ಕೊನೆಗೆ ನುಂಗಿಹಾಕುತ್ತದೆ. ನೋಡಿದವರಿಗೆ ಅನಿಸುವುದಿಷ್ಟು: ಅದಕ್ಕೆಲ್ಲ ಗೊತ್ತು!

ಗೊತ್ತಿರುವುದು ಯಾರಿಗೆ?

ಕಣದ ಪೊರೆ ಕೊಬ್ಬಿನ ಎರಡು ಪದರಗಳದ್ದು, ದಪ್ಪ ಸುಮಾರು 5 ನ್ಯಾನೋಮೀಟರ್. ಅದರ ಒಳಮೈಗೆ ತಾಗಿಕೊಂಡೇ ಆಕ್ಟಿನ್ ಪ್ರೋಟೀನಿನ ಎಳೆಗಳ ಹಂದರ. ಬ್ಯಾಕ್ಟೀರಿಯಾದ ರಾಸಾಯನಿಕ ಸುಳಿವು ಪೊರೆಗೆ ಹೆಚ್ಚಾಗಿ ತಗುಲಿದ ಕಡೆ ಎಳೆಗಳು ಬೆಳೆದು ಪೊರೆಯನ್ನು ಮುಂದಕ್ಕೆ ತಳ್ಳುತ್ತವೆ. ಪೊರೆಯೂ ಸುಮ್ಮನಿರುವುದಿಲ್ಲ. ಒಂದೆಡೆ ಚಾಚಿದರೆ ಮೈಯೆಲ್ಲ ಬಿಗಿಯುತ್ತದೆ. ಇನ್ನೊಂದೆಡೆ ಮತ್ತೊಂದು ಮುಂಭಾಗ ಮೂಡದಂತೆ ತಡೆಯುವುದು ಆ ಬಿಗಿತವೇ ಎಂದು 2012ರಲ್ಲಿ ಕ್ಯಾಲಿಫೋರ್ನಿಯಾದ ಒರಾಯನ್ ವೀನರ್ ಅವರ ತಂಡ ತೋರಿಸಿತು.

ಹಾಗಿದ್ದರೆ ಅಪ್ಪಣೆ ಕೊಡುವುದು ಕೋಶಕೇಂದ್ರವೇ? ಅದೂ ಅಲ್ಲ. 1982ರಲ್ಲಿ ಸ್ಟೀಫನ್ ಮಲಾವಿಸ್ಟಾ ಮತ್ತು ಸಹೋದ್ಯೋಗಿ ನ್ಯೂಟ್ರೋಫಿಲ್‌ಗಳನ್ನು ಬಿಸಿಮಾಡಿ ಕೋಶಕೇಂದ್ರವಿಲ್ಲದ ಚೂರುಗಳನ್ನು ಪಡೆದರು. ಆ ಚೂರುಗಳೂ ಸುಳಿವು ಹಿಡಿದು ಸಾಗಿದವು!

ವಿಸ್ಕಾಟ್-ಆಲ್ಡ್ರಿಚ್ ಎಂಬ ಕಾಯಿಲೆಯಲ್ಲಿ ಪೊರೆ ಮತ್ತು ಆಕ್ಟಿನ್ ನಂಟಿನ ಇನ್ನೊಂದು ಮುಖ ಕಾಣುತ್ತದೆ. ಪೊರೆ ಇದೆ, ಆಕ್ಟಿನ್ ಕೂಡ ಇದೆ. ಪೊರೆಯ ಸುದ್ದಿಯನ್ನು ಆಕ್ಟಿನ್‌ಗೆ ಮುಟ್ಟಿಸುವ ಒಂದು ಪ್ರೋಟೀನು ಮಾತ್ರ ಕೆಟ್ಟಿರುತ್ತದೆ. ಅಷ್ಟಕ್ಕೇ ರಕ್ಷಕ ಕಣಗಳು ದಾರಿ ತಪ್ಪುತ್ತವೆ. ಮಗುವಿಗೆ, ಹೆಚ್ಚಾಗಿ ಗಂಡುಮಗುವಿಗೆ, ಸೋಂಕಿನ ಮೇಲೆ ಸೋಂಕು.

ಅಂದರೆ ಆ ‘ಅರಿವು’ ಇದ್ದದ್ದು ಪೊರೆಯಲ್ಲೂ ಅಲ್ಲ, ಹಂದರದಲ್ಲೂ ಅಲ್ಲ, ಅವೆರಡರ ನಡುವಿನ ಕೊಡುಕೊಳ್ಳುವಿಕೆಯಲ್ಲಿ. ಪಾಳಿಯ ‘ಮಿಲಿಂದಪಞ್ಹ’ದಲ್ಲಿ ಭಿಕ್ಷು ನಾಗಸೇನ ಗ್ರೀಕ್ ದೊರೆ ಮಿಲಿಂದನಿಗೆ ಕೇಳುವುದೂ ಇಂಥದೇ ಪ್ರಶ್ನೆ: ಗಾಲಿ ರಥವೇ? ಅಚ್ಚು ರಥವೇ? ಬಿಡಿಭಾಗ ಯಾವುದೂ ರಥವಲ್ಲ. ಅವು ಕೂಡಿದಾಗ ಇಟ್ಟ ಹೆಸರು ರಥ. ಆತ್ಮವೆಂಬುದಿಲ್ಲ ಎನ್ನುವ ಬೌದ್ಧರು ಇಲ್ಲಿಗೆ ವಾದ ಮುಗಿಯಿತು ಎನ್ನಬಹುದು.

ಸಾಂಖ್ಯರು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಕೆಲಸವೆಲ್ಲ ಪ್ರಕೃತಿಯದು, ಪುರುಷ, ಅಂದರೆ ಆತ್ಮ, ಬರೀ ನೋಡುವವನು ಎಂಬುದು ಅವರ ನಿಲುವು. ಕರ್ತೃವಿಲ್ಲದೆ ಬೇಟೆ ನಡೆಯುತ್ತದೆ ಎಂದರೆ ಅವರಿಗೇನೂ ನಷ್ಟವಿಲ್ಲ. ಆದರೆ ರೋಜರ್ಸ್‌ರ ಚಿತ್ರ ನೋಡಿ ಬೆರಗಾದವನೊಬ್ಬ ಇದ್ದಾನಲ್ಲ, ಅವನಾರು ಎಂದು ಅವರು ಕೇಳಿಯಾರು.

ಮಾಡುವವನ ವಿಷಯದಲ್ಲಿ ಬಿಳಿ ರಕ್ತಕಣ ಇಬ್ಬರ ಮಾತನ್ನೂ ಎತ್ತಿಹಿಡಿಯುತ್ತದೆ. ನೋಡುವವನ ವಿಷಯದಲ್ಲಿ ಅದು ಯಾರ ಪರವಾಗಿಯೂ ಸಾಕ್ಷಿ ಹೇಳದು; ಅದನ್ನು ತಂದು ಅನಾತ್ಮವಾದವನ್ನೋ ಆತ್ಮವಾದವನ್ನೋ ಸಾಧಿಸಹೊರಡುವುದು ಸಲ್ಲದು.