ಕೇಳಿಸಿಕೊಳ್ಳುವ ಮುಖ

ಬಾಳ್ಳುಪೇಟೆಯಲ್ಲಿ ಆಷಾಢದ ಮಳೆ ಒಮ್ಮೆ ಹಿಡಿಯಿತೆಂದರೆ ಬಿಡುವ ಜಾತಿಯದಲ್ಲ. ಬೆಳಗಿನಿಂದ ಗಾಳಿ ತೋಟದ ಸಿಲ್ವರ್ ಮರಗಳನ್ನು ಬಗ್ಗಿಸಿ ಬಗ್ಗಿಸಿ ನೋಡುತ್ತಿತ್ತು. ಸಂಜೆಯ ಹೊತ್ತಿಗೆ ಹೆದ್ದಾರಿಯ ಲಾರಿಗಳ ಸದ್ದೂ ಸಕಲೇಶಪುರದ ಕಡೆ ಹೋಗುವ ರೈಲಿನ ಕೂಗೂ ಮಳೆಯೊಳಗೆ ಕರಗಿಹೋಗಿದ್ದವು. ಟೀವಿಯಲ್ಲಿ ‘ನಾಗರಹಾವು’ ಬರುತ್ತಿತ್ತು. ಚಾಮಯ್ಯ ಮೇಷ್ಟ್ರು ಶಿಷ್ಯ ರಾಮಾಚಾರಿಯ ಮುಂದೆ ನಿಂತು, ಅವನು ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಡು ಎಂದು ಕೇಳಬೇಕಾದ ಗಳಿಗೆ. ಅಷ್ಟರಲ್ಲಿ ಕರೆಂಟು ಹೋಯಿತು.

ಕತ್ತಲಲ್ಲಿ ಕೂತು ಉಳಿದದ್ದನ್ನು ನೆನಪಿನಲ್ಲೇ ನೋಡಿದೆ. ಎಷ್ಟು ಸಲ ನೋಡಿದ ಚಿತ್ರವದು! ಹೀಗೆ ನೋಡುವಾಗ ಕಣ್ಣಿಗೆ ಕಟ್ಟಿದ್ದು ಹುಡುಗನ ಸಿಟ್ಟಾಗಲಿ ಚಿತ್ರದುರ್ಗದ ಬಂಡೆಗಳಾಗಲಿ ಅಲ್ಲ, ಮೇಷ್ಟ್ರ ಮುಖ. ಇನ್ನೊಬ್ಬರು ಮಾತಾಡುತ್ತಿರುವಾಗ ಪೂರ್ತಿಯಾಗಿ ಅವರ ಕಡೆಗೇ ತಿರುಗಿಕೊಂಡಿರುವ, ತನ್ನ ಸರದಿಗಾಗಿ ಕಾಯದೆ ಕೇಳಿಸಿಕೊಳ್ಳುತ್ತಿರುವ ಮುಖ. ಅದು ನಟ ಕೆ.ಎಸ್. ಅಶ್ವತ್ಥ್ ಅವರದು.

1925ರಲ್ಲಿ ಹುಟ್ಟಿ, 1942ರ ಚಳವಳಿಗೆ ಓದನ್ನು ಬಿಟ್ಟುಕೊಟ್ಟು, ಸರ್ಕಾರಿ ನೌಕರಿಯ ನಡುವೆಯೇ ರಂಗದ ಮೇಲೂ ಮೈಸೂರು ಆಕಾಶವಾಣಿಯಲ್ಲೂ ನಾಟಕವಾಡುತ್ತಿದ್ದವರು ಅವರು. ಬಾನುಲಿ ನಾಟಕದಲ್ಲಿ ನಟನಿಗೆ ವೇಷವಿಲ್ಲ, ಬಣ್ಣವಿಲ್ಲ, ಎತ್ತಿ ತೋರಿಸಲು ಕೈಯೂ ಇಲ್ಲ, ದನಿಯೊಂದೇ ಬಂಡವಾಳ. ಎದುರಿನವನ ಮಾತು ಎಲ್ಲಿ ನಿಲ್ಲುತ್ತದೆ, ಅವನ ಉಸಿರು ಎಲ್ಲಿ ಮುರಿಯುತ್ತದೆ ಎಂದು ಕಿವಿಗೊಡದವನಿಗೆ ತನ್ನ ಮಾತನ್ನು ಎಲ್ಲಿ ಎತ್ತಿಕೊಳ್ಳಬೇಕೆಂಬುದೇ ತಿಳಿಯುವುದಿಲ್ಲ. ಅಶ್ವತ್ಥರ ಮುಖಕ್ಕೆ ಆ ಗುಣ ಬಂದದ್ದು ಕಿವಿಯ ದಾರಿಯಿಂದ ಎಂದು ನಾನು ನಂಬಿದ್ದೇನೆ.

1955ರ ‘ಸ್ತ್ರೀರತ್ನ’ದಲ್ಲಿ ಅವರು ನಾಯಕರಾಗಿಯೇ ಚಿತ್ರರಂಗಕ್ಕೆ ಬಂದದ್ದು. ಆದರೆ ನಾಯಕನ ಪಟ್ಟ ಬಹಳ ದಿನ ಉಳಿಯಲಿಲ್ಲ. ನಾರದನಾದರು, ಋಷಿಯಾದರು, ಮನೆಯ ಯಜಮಾನನಾದರು. ತಮಗಿಂತ ನಾಲ್ಕೇ ವರ್ಷ ಚಿಕ್ಕವರಾದ ರಾಜಕುಮಾರ್ ಅವರಿಗೆ ತೆರೆಯ ಮೇಲೆ ಹಿರಿಯರಾದರು. ತಲೆಗೂದಲು ತಾನಾಗಿ ನರೆಯುವ ಮೊದಲೇ ಬಣ್ಣ ಹಚ್ಚಿ ನರೆಸಿಕೊಳ್ಳುವುದು ಒಬ್ಬ ನಟನಿಗೆ ಸುಲಭವಾಗಿ ಒಪ್ಪಿಗೆಯಾಗುವ ಸಂಗತಿಯೇ? ಬದುಕಿನ ಅಂಗಳದಲ್ಲಿ ನಡುವೆ ನಿಲ್ಲಬೇಕೆಂದು ಬಂದವರೇ ನಾವೆಲ್ಲ. ಬದಿಗೆ ಸರಿ ಎಂದಾಗ ನಮ್ಮಲ್ಲಿ ಎಷ್ಟು ಜನ ಮುಖ ಕಹಿ ಮಾಡಿಕೊಳ್ಳದೆ ಸರಿದಿದ್ದೇವೆ? ಅವರು ಬದಿಗೆ ನಿಂತರು, ನಿಂತ ಜಾಗವನ್ನೇ ತುಂಬಿದರು. ಮುನ್ನೂರೈವತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಹಾಗೆ ನಿಂತದ್ದರ ಫಲವಾಗಿ ಕನ್ನಡದ ಒಂದೆರಡು ತಲೆಮಾರಿಗೆ ‘ಅಪ್ಪ’ ಎಂದರೆ ಹೇಗಿರಬೇಕೆಂಬ ಚಿತ್ರವೇ ಅವರ ಮುಖವಾಯಿತು. ಮಗಳನ್ನು ಕಳಿಸಿಕೊಡುವಾಗ ಗಂಟಲಲ್ಲಿ ಸಿಕ್ಕಿಕೊಳ್ಳುವ ಆ ದನಿಯನ್ನು ನನ್ನ ಸ್ವಂತ ತಂದೆಯಲ್ಲಿ ಕೇಳಿದಾಗ, ಇದನ್ನು ಎಲ್ಲೋ ಕೇಳಿದ್ದೇನಲ್ಲ ಎನ್ನಿಸಿತ್ತು.

ಇಂಗ್ಲಿಷ್ ರಂಗಭೂಮಿಯ ಜಾನ್ ಗೀಲ್‌ಗುಡ್ ನೆನಪಾಗುತ್ತಾರೆ. ತಾರುಣ್ಯದಲ್ಲಿ ಹ್ಯಾಮ್ಲೆಟ್ ಆಗಿ ಲಂಡನ್ನನ್ನು ಗೆದ್ದ ಅವರು ಎಪ್ಪತ್ತರ ಗಡಿ ದಾಟಿದ ಮೇಲೆ ‘ಆರ್ಥರ್’ ಎಂಬ ಚಿತ್ರದಲ್ಲಿ ಒಬ್ಬ ಸಿರಿವಂತನ ಮನೆಯ ಪರಿಚಾರಕನಾಗಿ ಆಸ್ಕರ್ ಪಡೆದರು. 1982ರ ‘ಗಾಂಧಿ’ಯಲ್ಲಿ ವೈಸರಾಯ್ ಇರ್ವಿನ್ ಆಗಿ ನಾಲ್ಕು ಗಳಿಗೆ ಬಂದುಹೋದದ್ದನ್ನು ನಮ್ಮ ಕಡೆಯವರೂ ನೋಡಿದ್ದಾರೆ. ಅವರದು ಶಿಖರ ಹತ್ತಿ ಇಳಿದ ದಾರಿ. ನಮ್ಮವರಿಗೆ ಆ ಶಿಖರವೇ ಸಿಗಲಿಲ್ಲ. ತಪ್ಪಲಿನಲ್ಲೇ ಮನೆ ಕಟ್ಟಿಕೊಂಡರು. ಹೋಲಿಸಿ ತೂಗುವ ಆಸೆ ನನಗಿಲ್ಲವಾದರೂ, ಎರಡನೆಯದು ಕಷ್ಟದ್ದೆಂದು ಒಳಗೊಳಗೇ ಅನ್ನಿಸುತ್ತದೆ.

ಆದರೆ ಚಾಮಯ್ಯ ಮೇಷ್ಟ್ರ ಮಾತು ಬೇರೆ. ತ.ರಾ.ಸು. ಅವರ ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲ್ 1972ರಲ್ಲಿ ತೆಗೆದ ಈ ಚಿತ್ರದಲ್ಲಿ ಮೇಷ್ಟ್ರು ಒಳ್ಳೆಯವರು, ನಿಸ್ವಾರ್ಥಿ. ಊರೆಲ್ಲ ದೂರುವ ಹುಡುಗನನ್ನು ಹೆತ್ತವರಿಗಿಂತ ಹೆಚ್ಚಾಗಿ ಹಚ್ಚಿಕೊಂಡವರು. ಹುಡುಗ ಯಾರ ಮಾತನ್ನೂ ಕೇಳುವುದಿಲ್ಲ, ಇವರ ಮಾತನ್ನು ಮೀರುವುದಿಲ್ಲ. ಇವರು ಕೇಳುತ್ತಾರೆ, ಅವನು ಪ್ರೀತಿಸಿದವಳನ್ನು ಬಿಟ್ಟುಕೊಡುತ್ತಾನೆ. ಆ ಒಂದು ಮಾತಿನಿಂದ ಅಲಮೇಲುವಿನ ಬಾಳು ಯಾವ ಕೆಸರಿಗೆ ಬಿತ್ತೆಂಬುದನ್ನು ಚಿತ್ರ ನೋಡಿದವರೆಲ್ಲ ಬಲ್ಲರು. ಕೇಡು ಮಾಡಿದವನು ಕೇಡಿಗನಾಗಿದ್ದರೆ ನೋಡುವವರಿಗೆ ನೆಮ್ಮದಿ. ಇಲ್ಲಿ ಕೇಡು ಬಂದದ್ದು ಪ್ರೀತಿಯ ಕೈಯಿಂದ. ಮೇಷ್ಟ್ರನ್ನು ದ್ವೇಷಿಸಲಿಕ್ಕೂ ಆಗದು, ಕ್ಷಮಿಸಲಿಕ್ಕೂ ಆಗದು. ಅವರನ್ನು ಹಾಗೆ ನಡುವೆ ನಿಲ್ಲಿಸಿದ್ದು ಅಶ್ವತ್ಥರ ಕಲೆ. ಸ್ವಲ್ಪ ಗಡಸು ಬೆರೆಸಿದ್ದರೆ ಪಾತ್ರ ದರ್ಪದ್ದಾಗುತ್ತಿತ್ತು, ಸ್ವಲ್ಪ ಕಣ್ಣೀರು ಹೆಚ್ಚಾಗಿದ್ದರೆ ಅಯ್ಯೋ ಪಾಪದ್ದಾಗುತ್ತಿತ್ತು. ಅವರು ಮೇಷ್ಟ್ರನ್ನು ಪೂರ್ತಿ ನಂಬಿ ಆಡಿದರು. ತಪ್ಪು ಮಾಡುವ ಒಳ್ಳೆಯವನು ಆ ಗಳಿಗೆಯಲ್ಲಿ ತಾನು ಸರಿಯೆಂದೇ ನಂಬಿರುತ್ತಾನೆ ಎಂಬುದು ಅವರಿಗೆ ಗೊತ್ತಿತ್ತು. ಆ ಅಭಿನಯಕ್ಕೆ ರಾಜ್ಯ ಪ್ರಶಸ್ತಿಯೂ ಬಂತು.

ಈ ಪಾತ್ರ ನನ್ನನ್ನು ಕಾಡುವುದಕ್ಕೆ ಇನ್ನೊಂದು ಕಾರಣವಿದೆ. ನಾನೂ ಮೂವತ್ತು ವರ್ಷ ಮೇಷ್ಟ್ರಾಗಿದ್ದವನು.

ನಮ್ಮ ಶಾಲೆಯಲ್ಲಿ ತೋಟದ ಲೈನಿನಿಂದ ಬರುತ್ತಿದ್ದ ಒಬ್ಬ ಹುಡುಗನಿದ್ದ. ತರಗತಿಯಲ್ಲಿ ತುಟಿ ಬಿಚ್ಚದವನು ವಾರ್ಷಿಕೋತ್ಸವದ ನಾಟಕದಲ್ಲಿ ನಿಂತನೆಂದರೆ, ಕಾಫಿ ಕುಯ್ಲು ಮುಗಿಸಿ ದಣಿದು ಬಂದು ಕೂತ ಹೆಂಗಸರು ಮಕ್ಕಳನ್ನು ಸುಮ್ಮನಿರಿಸಿ ಕೇಳುತ್ತಿದ್ದರು. ಪಿಯುಸಿ ಮುಗಿದ ಮೇಲೆ ಹೆಗ್ಗೋಡಿಗೆ ಹೋಗಿ ನೀನಾಸಂ ನಾಟಕ ಶಾಲೆಯಲ್ಲಿ ಕಲಿಯುತ್ತೇನೆಂದು ಹಟ ಹಿಡಿದ. ಅವನ ಅಪ್ಪ ಒಂದು ಸಂಜೆ, ಮಂಡಿಯವರೆಗೆ ಕೆಸರಾಗಿದ್ದ ಕಾಲಲ್ಲೇ ಬಂದು ಜಗಲಿಯ ಕೆಳಗೆ ನಿಂತ. “ನಮ್ಮ ಮಾತು ಕೇಳಾಕಿಲ್ಲ ಸಾ. ನೀವೊಂದ್ ಮಾತು ಹೇಳಿದ್ರೆ ಮೀರಾಕಿಲ್ಲ.” ಮಾರನೆಯ ದಿನವೇ ಹುಡುಗನನ್ನು ಕರೆಸಿದೆ. ಮನೆಯ ಸಾಲ, ತಂಗಿಯರ ಮದುವೆ, ನಾಟಕದವರ ಹಸಿವು, ಎಲ್ಲವನ್ನೂ ಪ್ರೀತಿಯಿಂದಲೇ ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿ, “ಆಯ್ತು ಸಾ” ಎಂದ. ಅವನು ಏನಾದರೂ ಹೇಳಬೇಕೆಂದಿದ್ದನೇ? ನಾನು ಕೇಳಲಿಲ್ಲ. ನನ್ನ ಮಾತು ನಡೆಯಿತೆಂಬ ತೃಪ್ತಿಯಲ್ಲಿ ಆ ರಾತ್ರಿ ಚೆನ್ನಾಗಿಯೇ ನಿದ್ದೆ ಬಂತು.

ಅವನಿಗೆ ಕೇಡೇನೂ ಆಗಲಿಲ್ಲ. ಐಟಿಐ ಓದಿದ, ಮೆಣಸು ಕಾಫಿಯ ವ್ಯಾಪಾರಕ್ಕೆ ಇಳಿದ, ಹೆಂಚಿನ ಮನೆ ಕಟ್ಟಿದ. ಸಿಕ್ಕಾಗಲೆಲ್ಲ ಕಾಲು ಮುಟ್ಟುತ್ತಾನೆ, ನಿಮ್ಮಿಂದ ದಾರಿಗೆ ಬಂದೆ ಎನ್ನುತ್ತಾನೆ. ಅವನ ಮಾತಿನಲ್ಲಿ ಒಂದು ಸಣ್ಣ ಮುಳ್ಳಾದರೂ ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ನಮ್ಮನ್ನು ಪ್ರೀತಿಸುವವರ ಮೇಲೆ ನಮಗಿರುವ ಅಧಿಕಾರಕ್ಕೆ ಲೆಕ್ಕಪತ್ರ ಇರುವುದಿಲ್ಲ. ಹಣ ಕೊಟ್ಟವನು ಬಡ್ಡಿ ಕೇಳಿದರೆ ಊರು ಆಡಿಕೊಳ್ಳುತ್ತದೆ. ಅಕ್ಕರೆ ಕೊಟ್ಟವನು ಒಂದು ಬಾಳನ್ನೇ ಕೇಳಿದರೂ ಅದನ್ನು ಗುರುದಕ್ಷಿಣೆ ಎನ್ನುತ್ತದೆ. ಏಕಲವ್ಯನ ಕಥೆಯನ್ನು ಎಷ್ಟು ವರ್ಷ ಪಾಠ ಮಾಡಿದೆ, ಒಮ್ಮೆಯೂ ದ್ರೋಣನ ಜಾಗದಲ್ಲಿ ನನ್ನನ್ನು ಇಟ್ಟು ನೋಡಿಕೊಳ್ಳಲಿಲ್ಲವಲ್ಲ!

ಅಶ್ವತ್ಥ್ ತೊಂಬತ್ತರ ದಶಕದ ನಡುವಿನಲ್ಲಿ ಚಿತ್ರರಂಗದಿಂದ ಹಿಂದೆ ಸರಿದರು. ಆಮೇಲೆ 2000ದ ‘ಶಬ್ದವೇಧಿ’ಯಲ್ಲಿ ಮತ್ತೆ ಕಾಣಿಸಿಕೊಂಡರು. 2010ರ ಜನವರಿ 18ರಂದು ಮೈಸೂರಿನಲ್ಲಿ ತೀರಿಕೊಂಡಾಗ ಎಲ್ಲೆಡೆ ‘ಚಾಮಯ್ಯ ಮೇಷ್ಟ್ರು ಇನ್ನಿಲ್ಲ’ ಎಂದೇ ಜನ ಮಾತಾಡಿಕೊಂಡರು. ಅಷ್ಟು ಪಾತ್ರಗಳಲ್ಲಿ ಜನ ಎತ್ತಿಟ್ಟುಕೊಂಡದ್ದು ಎಡವಿದ ಹಿರಿಯನನ್ನು. ಅವನಲ್ಲಿ ಅವರು ಯಾರನ್ನು ಗುರುತಿಸಿದರೋ.

ಕರೆಂಟು ಬಂದಾಗ ಟೀವಿಯಲ್ಲಿ ಆ ದೃಶ್ಯ ದಾಟಿಹೋಗಿತ್ತು.

ಮೊನ್ನೆ ಸಂತೆಯಲ್ಲಿ ಆ ಹುಡುಗ ಸಿಕ್ಕಿದ್ದ. ಹುಡುಗನೆಂದರೆ ಈಗ ಅವನಿಗೂ ಕಿವಿಯ ಬಳಿ ನರೆ. ಕೊಡೆಯನ್ನು ನನ್ನ ತಲೆಯ ಮೇಲೆ ಹಿಡಿದು, ತಾನು ನೆನೆಯುತ್ತಲೇ, “ಮಗಳು ನಾಟಕದ ಶಾಲೆಗೆ ಹೋಗ್ತೀನಿ ಅಂತ ಕೂತವ್ಳೆ ಸಾ. ನೀವೊಂದ್ ಮಾತು ಹೇಳ್ತೀರಾ?” ಎಂದ. ಯಾವ ಮಾತನ್ನು ಹೇಳಲೆಂದು ಅವನು ಬಿಡಿಸಲಿಲ್ಲ. ಅವನ ಮುಖ ನೋಡಿದೆ. ಗೊತ್ತಾಗಲಿಲ್ಲ. “ಭಾನುವಾರ ಮನೆಗೆ ಕಳಿಸು. ಅವಳು ಏನು ಹೇಳ್ತಾಳೋ ಕೇಳ್ತೀನಿ” ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೊಡೆಯನ್ನು ಇನ್ನಷ್ಟು ನನ್ನ ಕಡೆಗೆ ವಾಲಿಸಿ, ಬಸ್‌ಸ್ಟಾಂಡಿನವರೆಗೂ ನಡೆದು ಬಂದ.