ಧರ್ಮಯೋಧನ ಎರಡು ಅಳತೆಗಳು

ಮಕ್ಕಳ ಆಟದಲ್ಲಿ ಕಳ್ಳರೂ ಪೊಲೀಸರೂ ಇರುತ್ತಾರೆ, ರಾಮನೂ ರಾವಣನೂ ಇರುತ್ತಾರೆ. ಒಳ್ಳೆಯವರು ಯಾರು, ಕೆಟ್ಟವರು ಯಾರು ಎಂಬುದನ್ನು ಆಟ ಮೊದಲಾಗುವ ಮುಂಚೆಯೇ ಗೊತ್ತುಮಾಡಿಕೊಂಡಿರುತ್ತಾರೆ. ಇಲ್ಲದಿದ್ದರೆ ಆಟ ಸಾಗದು. ದೊಡ್ಡವರಾದ ಮೇಲೆ ಈ ಅಭ್ಯಾಸ ನಮ್ಮನ್ನು ಬಿಟ್ಟುಹೋಗುತ್ತದೆಯೆ? ಈ ಪ್ರಶ್ನೆಯನ್ನು ನನ್ನ ಮುಂದೆ ತಂದು ನಿಲ್ಲಿಸಿದ್ದು ಯಾವ ನೀತಿಶಾಸ್ತ್ರದ ಗ್ರಂಥವೂ ಅಲ್ಲ. ಅಮೆರಿಕದ ಒಂದು ಆಟ.

ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಇದನ್ನು ಆಡುತ್ತಾರೆ. ಅವರಿಂದ ನಿಯಮದ ಪುಸ್ತಕಗಳನ್ನು ಕಡ ತಂದು ಓದಿದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಕೂಡಿ ಕಟ್ಟಿದ ಈ ಆಟ 1974ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಹೊರಬಂತು. ಇದು ಪಗಡೆಯಂತೆ ಮನೆಗಳನ್ನೆಣಿಸಿ ಕಾಯಿ ನಡೆಸುವ ಆಟವಲ್ಲ. ನಾಲ್ಕೈದು ಮಂದಿ ಮೇಜಿನ ಸುತ್ತ ಕೂಡುತ್ತಾರೆ. ಒಬ್ಬನು ಸೂತ್ರಧಾರ; ಕಾಡು, ಕೋಟೆ, ಗುಹೆ, ಶತ್ರು ಎಲ್ಲವನ್ನೂ ಮಾತಿನಲ್ಲಿ ಕಟ್ಟಿಕೊಡುವವನು ಅವನು. ಉಳಿದವರು ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸಿ, ‘ಈಗ ನಾನು ಹೀಗೆ ಮಾಡುತ್ತೇನೆ’ ಎನ್ನುತ್ತಾರೆ. ಮಾಡಿದ ಕೆಲಸ ಕೈಗೂಡಿತೇ ಇಲ್ಲವೇ ಎಂಬುದನ್ನು ದಾಳ ಹೇಳುತ್ತದೆ. ಹೀಗೆ ಒಂದು ಕಥೆ ವಾರಗಟ್ಟಲೆ, ಕೆಲವು ವೇಳೆ ವರ್ಷಗಟ್ಟಲೆ ನಡೆಯುವುದುಂಟು.

ಈ ಆಟದಲ್ಲಿ ಪ್ರತಿಯೊಂದು ಪಾತ್ರಕ್ಕೂ ಶಕ್ತಿಯಿಷ್ಟು, ಬುದ್ಧಿಯಿಷ್ಟು ಎಂದು ಅಂಕಿ ಬರೆದುಕೊಳ್ಳುವಂತೆಯೇ ನೀತಿಯ ಒಂದು ಗುರುತನ್ನೂ ಬರೆದುಕೊಳ್ಳಬೇಕು. ಇದನ್ನು ಅವರು ‘ಅಲೈನ್‌ಮೆಂಟ್’ ಎನ್ನುತ್ತಾರೆ. ನಾವು ನೀತಿಪಕ್ಷ ಎನ್ನಬಹುದು. 1974ರ ಪುಸ್ತಕದಲ್ಲಿ ಮೂರೇ ಪಕ್ಷಗಳಿದ್ದವು: ಕಟ್ಟಳೆ, ಸ್ವೇಚ್ಛೆ, ನಡುವೆ ತಾಟಸ್ಥ್ಯ. ಪೌಲ್ ಆಂಡರ್ಸನ್ನನ ‘ತ್ರೀ ಹಾರ್ಟ್ಸ್ ಅಂಡ್ ತ್ರೀ ಲಯನ್ಸ್’ ಎಂಬ ಕಾದಂಬರಿ, ಮೈಕೆಲ್ ಮೂರ್‌ಕಾಕ್‌ನ ಕಥೆಗಳು, ಇವುಗಳಿಂದ ಬಂದ ಕಲ್ಪನೆ ಅದು. 1978ರ ಪುಸ್ತಕದ ಹೊತ್ತಿಗೆ ಇದಕ್ಕೆ ಒಳಿತು–ಕೇಡುಗಳ ಇನ್ನೊಂದು ಗೆರೆ ಸೇರಿ, ಅಡ್ಡಕ್ಕೆ ಮೂರು ಉದ್ದಕ್ಕೆ ಮೂರು, ಒಟ್ಟು ಒಂಬತ್ತು ಮನೆಗಳಾದುವು.

ಮನುಷ್ಯಸ್ವಭಾವವನ್ನು ಒಂಬತ್ತು ಮನೆಗಳಲ್ಲಿ ಕೂಡಿಹಾಕುವುದೆಂದರೆ ನಗುವ ಮಾತೆಂದು ತೋರಬಹುದು. ಆದರೆ ವಿಚಾರಮಾಡಿ ನೋಡಿದರೆ ಅದರಲ್ಲಿ ಒಂದು ಒಳ್ಳೆಯ ವಿವೇಚನೆಯಿದೆ. ಕಟ್ಟಳೆ ಬೇರೆ, ಒಳಿತು ಬೇರೆ ಎಂಬುದನ್ನು ಆ ಕೋಷ್ಟಕ ಚಿಕ್ಕ ಹುಡುಗನಿಗೂ ತಿಳಿಯುವಂತೆ ಬಿಡಿಸಿ ತೋರಿಸುತ್ತದೆ. ಕಚೇರಿಯ ಒಂದು ನಿಯಮವನ್ನೂ ಮೀರದೆ, ವಿಧವೆಯೊಬ್ಬಳ ಪಿಂಚಣಿಯ ಕಾಗದವನ್ನು ಮೂರು ವರ್ಷ ಕಪಾಟಿನಲ್ಲಿ ಇಟ್ಟುಕೊಂಡ ಅಧಿಕಾರಿಯನ್ನು ನಾವು ಕಂಡಿಲ್ಲವೆ? ಅವನಲ್ಲಿ ಕಟ್ಟಳೆಯುಂಟು, ಒಳಿತಿಲ್ಲ. ಯಾವ ನಿಯಮವನ್ನೂ ಲೆಕ್ಕಿಸದೆ ನಡುರಾತ್ರಿಯಲ್ಲಿ ಎದ್ದು ಬಂದು ನೆರವಾಗುವ ನೆರೆಯವನನ್ನೂ ಕಂಡಿದ್ದೇವೆ. ಇಬ್ಬರಿಗೂ ಬೇರೆ ಬೇರೆ ಮನೆಗಳು ಬೇಕು; ಆಟ ಅದನ್ನು ಕೊಟ್ಟಿದೆ.

ಈ ಒಂಬತ್ತು ಮನೆಗಳಲ್ಲಿ ಕಟ್ಟಳೆಯೂ ಒಳಿತೂ ಕೂಡಿದ ಮನೆಯಲ್ಲಿ ಮಾತ್ರವೇ ಬಾಳತಕ್ಕ ಒಬ್ಬ ವೀರನಿದ್ದಾನೆ. ಅವನೇ ಪ್ಯಾಲಡಿನ್, ಧರ್ಮಯೋಧ. ಅರಮನೆಗೆ ಸೇರಿದವನು ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಬಂದ ಹೆಸರು ಇದು. ಫ್ರಾನ್ಸಿನ ವೀರಗಾಥೆಗಳಲ್ಲಿ ಶಾರ್ಲಮೇನ್ ದೊರೆಯ ಹನ್ನೆರಡು ಮಂದಿ ಆಪ್ತವೀರರಿಗೆ ಈ ಹೆಸರು ಸಂದಿತು. ರೋಲಂಡ್ ಅವರಲ್ಲಿ ಮೊದಲಿಗ. ಗಾಥೆಗಳಲ್ಲಿ ಅವರು ನಿಷ್ಕಳಂಕರು. ಚರಿತ್ರೆ ಅಷ್ಟು ಸರಳವಾಗಿಲ್ಲ: ಅದೇ ಶಾರ್ಲಮೇನ್ 782ರಲ್ಲಿ ವೆರ್ಡನ್ ಎಂಬಲ್ಲಿ 4,500 ಮಂದಿ ಸ್ಯಾಕ್ಸನರ ತಲೆ ತೆಗೆಸಿದನೆಂದು ಅವನ ಆಸ್ಥಾನದ ವಾರ್ಷಿಕ ವೃತ್ತಾಂತವೇ ಹೇಳುತ್ತದೆ.

ಆಟದ ಪ್ಯಾಲಡಿನ್ ಮೊದಲು ಕಾಣಿಸಿಕೊಂಡದ್ದು 1975ರಲ್ಲಿ. 1978ರ ಪುಸ್ತಕದಲ್ಲಿ ಅವನ ಚಿತ್ರ ಪೂರ್ತಿಯಾಯಿತು. ಅವನು ಕೈಯಿಟ್ಟರೆ ಗಾಯ ಮಾಯುತ್ತದೆ. ಅವನಿಗೆ ರೋಗ ತಟ್ಟದು. ಮನಸ್ಸಿಟ್ಟು ನೋಡಿದರೆ 60 ಅಡಿ ದೂರದಲ್ಲಿರುವ ಕೇಡು ಅವನಿಗೆ ಗೊತ್ತಾಗುತ್ತದೆ. ಇಷ್ಟು ವರಗಳಿಗೆ ತಕ್ಕ ವ್ರತಗಳೂ ಉಂಟು. ಮಾಂತ್ರಿಕ ವಸ್ತುಗಳನ್ನು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳಕೂಡದು. ಗಳಿಸಿದ್ದರಲ್ಲಿ ಹತ್ತರಲ್ಲೊಂದು ಪಾಲನ್ನು ಧರ್ಮಕ್ಕೆ ಕೊಡಬೇಕು. ತಿಳಿದೂ ತಿಳಿದು ಕಟ್ಟಳೆ ಮೀರಿದರೆ ಪುರೋಹಿತನ ಮುಂದೆ ತಪ್ಪೊಪ್ಪಿಕೊಂಡು ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕು. ತಿಳಿದೂ ತಿಳಿದು ಒಂದೇ ಒಂದು ಕೇಡಿನ ಕೆಲಸ ಮಾಡಿದನೋ, ಅವನ ಪದವಿ ಹೋಯಿತು, ಮತ್ತೆ ಬರುವಂತಿಲ್ಲ. ಅಂದಿನಿಂದ ಅವನು ಬರಿಯ ಕತ್ತಿ ಹಿಡಿದ ಆಳು.

ಈ ನಿಯಮವನ್ನು ಓದಿದಾಗ ನನಗೆ ನೆನಪಾದದ್ದು ಧರ್ಮರಾಯನ ರಥ. ನೆಲಕ್ಕೆ ತಾಗದೆ ನಾಲ್ಕಂಗುಲ ಮೇಲೆ ಹರಿಯುತ್ತಿದ್ದ ಆ ರಥ, ದ್ರೋಣನ ಮುಂದೆ ಆಡಿದ ಒಂದು ಅರ್ಧಸತ್ಯದಿಂದ ಭೂಮಿಗೆ ಇಳಿಯಿತು. ಎದುರು ಪಕ್ಷದವರು ಎಂಥವರು, ಅವರು ಅಭಿಮನ್ಯುವನ್ನು ಹೇಗೆ ಕೊಂದರು ಎಂಬ ಲೆಕ್ಕವನ್ನು ಆ ರಥ ಕೇಳಲಿಲ್ಲ. ಯುದ್ಧ ಗೆಲ್ಲಲು ಆ ಮಾತು ಬೇಕಾಗಿತ್ತೇ ಇಲ್ಲವೇ ಎಂದೂ ಕೇಳಲಿಲ್ಲ. ಮಾತು ಬಾಯಿಂದ ಹೊರಟಿತು, ಗಾಲಿ ನೆಲ ಮುಟ್ಟಿತು. ಧರ್ಮ ಎಂಬುದು ಹುಟ್ಟಿನಿಂದ ಬಂದ ಬಿರುದಲ್ಲ, ಗಳಿಗೆ ಗಳಿಗೆಗೂ ನಡೆದು ಉಳಿಸಿಕೊಳ್ಳಬೇಕಾದದ್ದು ಎಂಬ ತಿಳಿವಳಿಕೆ ಅಲ್ಲಿಯೂ ಇದೆ, ಇಲ್ಲಿಯೂ ಇದೆ.

ಇಷ್ಟಾದ ಮೇಲೆ ತೊಡಕು ಬರುತ್ತದೆ. ಇದೇ ಆಟದ ಶತ್ರುಗಳಲ್ಲಿ ‘ಓರ್ಕ್’ ಎಂಬ ಜಾತಿಯವರಿದ್ದಾರೆ. ನಮ್ಮ ಕಥೆಗಳ ರಾಕ್ಷಸರ ಹಾಗೆ ಎಂದಿಟ್ಟುಕೊಳ್ಳಿ. 1977ರಲ್ಲಿ ಬಂದ ಪ್ರಾಣಿಗಳ ಪುಸ್ತಕದಲ್ಲಿ ಇವರ ನೀತಿಪಕ್ಷವನ್ನು ಕೇಡು ಎಂದು ಒಂದೇ ಮಾತಿನಲ್ಲಿ ಬರೆದಿದೆ. ಒಬ್ಬನಲ್ಲ, ಇಬ್ಬರಲ್ಲ, ಇಡೀ ಕುಲ. ಆಟದವರ ನಡುವೆ ಬಹು ಕಾಲದಿಂದ ನಡೆದು ಬಂದಿರುವ ಒಂದು ವಾದ ಇಲ್ಲಿಂದ ಹುಟ್ಟುತ್ತದೆ. ಧರ್ಮಯೋಧನೂ ಅವನ ಸಂಗಡಿಗರೂ ಓರ್ಕರ ಗುಹೆಯನ್ನು ಗೆದ್ದರು. ಒಳಗೆ ಹೋಗಿ ನೋಡಿದರೆ ಮೂಲೆಯಲ್ಲಿ ಅವರ ಹಸುಗೂಸುಗಳು. ಈಗ ಏನು ಮಾಡಬೇಕು?

ಒಂದು ಪಕ್ಷದವರು ಹೇಳುತ್ತಾರೆ: ‘ಇವು ಕೇಡಿನ ಕುಲದ ಮರಿಗಳು, ಬೆಳೆದರೆ ನಾಳೆ ಊರು ಸುಡುತ್ತವೆ, ಕೊಲ್ಲುವುದೇ ಒಳಿತು.’ ಇನ್ನೊಂದು ಪಕ್ಷ: ‘ಏನೂ ಮಾಡದ ಕೂಸನ್ನು ಕೊಲ್ಲುವುದಕ್ಕಿಂತ ಕೇಡು ಯಾವುದು? ಕೈಯೆತ್ತಿದ ಕ್ಷಣವೇ ನೀನು ಪ್ಯಾಲಡಿನ್ ಅಲ್ಲ.’ ಪುಸ್ತಕವನ್ನು ಹಿಡಿದು ನೋಡಿದರೆ ಇಬ್ಬರ ಮಾತಿಗೂ ಆಧಾರ ಸಿಕ್ಕುತ್ತದೆ. ಅದು ಹೇಗೆ ಸಾಧ್ಯವೆಂದು ಯೋಚಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಆ ನಿಯಮಪುಸ್ತಕದಲ್ಲಿ ಎರಡು ಅಳತೆಗಳಿವೆ. ಧರ್ಮಯೋಧನನ್ನು ಅಳೆಯುವುದು ಅವನ ಕೃತಿಯಿಂದ. ಓರ್ಕನನ್ನು ಅಳೆಯುವುದು ಅವನ ಹುಟ್ಟಿನಿಂದ. ಒಬ್ಬನು ಬೀಳಬಲ್ಲ, ಇನ್ನೊಬ್ಬನು ಏಳಲಾರ.

ಇದು ಬರಿಯ ಆಟದ ಮಾತಾಗಿದ್ದರೆ ಇಷ್ಟು ಹೊತ್ತು ವಾಚಕರನ್ನು ಹಿಡಿದು ನಿಲ್ಲಿಸುತ್ತಿರಲಿಲ್ಲ. ಈ ಆಟ ಹುಟ್ಟಿದ ದೇಶದಲ್ಲಿಯೇ ಇದೇ ವಾದ ದಾಳವಿಲ್ಲದೆ ನಡೆದು ಹೋಗಿದೆ. 1864ನೆಯ ನವೆಂಬರ್ 29ರ ಬೆಳಗ್ಗೆ ಕೊಲರಾಡೊ ಪ್ರಾಂತದ ಸ್ಯಾಂಡ್ ಕ್ರೀಕ್ ಎಂಬ ಹಳ್ಳದ ದಂಡೆಯಲ್ಲಿ ಶೆಯೆನ್ ಮತ್ತು ಅರಾಪಾಹೊ ಜನರ ಬೀಡಿನ ಮೇಲೆ ಸೈನ್ಯ ಎರಗಿತು. ಅವರ ನಾಯಕ ಬ್ಲ್ಯಾಕ್ ಕೆಟಲ್ ತನ್ನ ಗುಡಾರದ ಮೇಲೆ ಅಮೆರಿಕದ ಬಾವುಟವನ್ನೂ ಬಿಳಿಯ ಬಾವುಟವನ್ನೂ ಏರಿಸಿದ್ದನು. ಆದರೂ ಸುಮಾರು 230 ಮಂದಿ ಸತ್ತರು; ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಸೈನ್ಯವನ್ನು ನಡೆಸಿದ ಕರ್ನಲ್ ಜಾನ್ ಚಿವಿಂಗ್ಟನ್ ಅದಕ್ಕೆ ಮುಂಚೆ ಮೆಥೊಡಿಸ್ಟ್ ಪಂಥದ ಪಾದ್ರಿಯಾಗಿದ್ದವನು. ಸೀರನ್ನು ಬಿಟ್ಟರೆ ನಾಳೆ ಹೇನಾಗುತ್ತದೆ ಎಂಬ ಅರ್ಥದ ಮಾತೊಂದು, ಮಕ್ಕಳನ್ನು ಕೊಂದದ್ದಕ್ಕೆ ಸಮರ್ಥನೆಯಾಗಿ, ಅವನ ಹೆಸರಿಗೆ ಅಂಟಿಕೊಂಡಿದೆ. 2008ರಲ್ಲಿ ತೀರಿಕೊಂಡ ಗೈಗ್ಯಾಕ್ಸ್ ತಮ್ಮ ಕೊನೆಯ ವರ್ಷಗಳಲ್ಲಿ, ಓರ್ಕರನ್ನು ಕುರಿತ ಪ್ರಶ್ನೆಗೆ ಉತ್ತರ ಕೊಡುವಾಗ, ಇದೇ ಮಾತನ್ನು ಪ್ಯಾಲಡಿನ್ನನ ಪರವಾಗಿ ಎತ್ತಿ ಆಡಿದರು. ಕಲ್ಪನೆಯ ಗುಹೆಗೂ ನಿಜವಾದ ಹಳ್ಳದ ದಂಡೆಗೂ ನಡುವೆ ಇರುವ ದೂರ ಎಷ್ಟು ಕಡಮೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆ ಬೆಳಗ್ಗೆ ಅಲ್ಲಿ ಇನ್ನೊಬ್ಬನಿದ್ದನು: ಕ್ಯಾಪ್ಟನ್ ಸೈಲಸ್ ಸೋಲ್. ಅವನು ತನ್ನ ತುಕಡಿಗೆ ಗುಂಡು ಹಾರಿಸಲು ಅಪ್ಪಣೆ ಕೊಡಲಿಲ್ಲ. ಜನರನ್ನು ಹಿಂದೆಯೇ ನಿಲ್ಲಿಸಿಕೊಂಡನು. ಮುಂದಿನ ವರ್ಷ ವಿಚಾರಣೆ ನಡೆದಾಗ ಕಂಡದ್ದನ್ನು ಕಂಡಂತೆ ಹೇಳಿದನು. 1865ರ ಏಪ್ರಿಲ್‌ನಲ್ಲಿ ಡೆನ್ವರ್‌ನ ಬೀದಿಯಲ್ಲಿ ಅವನನ್ನು ಗುಂಡಿಕ್ಕಿ ಕೊಂದರು. ಚಿವಿಂಗ್ಟನ್ ಆ ವೇಳೆಗೆ ಸೈನ್ಯವನ್ನು ಬಿಟ್ಟಿದ್ದನಾದ್ದರಿಂದ ಅವನಿಗೆ ಶಿಕ್ಷೆಯಾಗಲಿಲ್ಲ. ಕಟ್ಟಳೆಯ ದೃಷ್ಟಿಯಿಂದ ನೋಡಿದರೆ ಮೇಲಿನವನ ಅಪ್ಪಣೆಯನ್ನು ಮೀರಿದವನು ಸೋಲ್. ಒಳಿತು ಯಾರ ಕಡೆ ಇತ್ತು ಎಂಬುದಕ್ಕೆ ದೀರ್ಘವಾದ ವಾದ ಬೇಕಿಲ್ಲ.

ಧರ್ಮಯೋಧನಿಗಿರುವ ಅಪಾಯ ಅವನ ಕತ್ತಿಯಲ್ಲಿಲ್ಲ. ಕತ್ತಿ ಎಲ್ಲರ ಕೈಯಲ್ಲಿಯೂ ಇದೆ. ಅವನಿಗಿರುವ ಅಪಾಯ ಆ 60 ಅಡಿಯ ದೃಷ್ಟಿ. ಎದುರಿಗಿರುವವನು ಕೆಟ್ಟವನೆಂದು ಖಂಡಿತವಾಗಿ ತಿಳಿದಿದೆ ಎಂದುಕೊಂಡವನಿಗೆ, ಅವನೇನು ಮಾಡಿದ ಎಂದು ಕೇಳುವ ಸಹನೆ ಉಳಿಯುವುದಿಲ್ಲ. ತಾನೇನು ಮಾಡುತ್ತಿದ್ದೇನೆ ಎಂದು ಕೇಳಿಕೊಳ್ಳುವ ಅಭ್ಯಾಸವೂ ಮೆಲ್ಲಗೆ ತಪ್ಪುತ್ತದೆ. ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಸಂತ ಬರ್ನಾರ್ಡನು ಜೆರೂಸಲೇಮಿನ ಟೆಂಪ್ಲರ್ ಯೋಧರನ್ನು ಹೊಗಳಿ ಬರೆದಾಗ, ಕೇಡಿಗನನ್ನು ಕೊಂದವನು ನರಹತ್ಯೆ ಮಾಡಿದವನಲ್ಲ, ಕೇಡನ್ನು ಕೊಂದವನು ಎಂದು ವಾದಿಸಿದನು. ಎಂತಹ ನುಣುಪಾದ ಮಾತು! ನರನನ್ನು ಕಣ್ಮರೆ ಮಾಡಿ ಕೇಡನ್ನು ಮಾತ್ರ ಉಳಿಸುವ ಮಾತು. ಸತ್ತು ಬಿದ್ದಾಗ ನೆಲದ ಮೇಲಿರುವುದು ಮಾತ್ರ ನರನೇ.

ನಮ್ಮ ಹಳೆಯ ಕವಿಯೊಬ್ಬನು ಶತ್ರುವನ್ನು ನೋಡಿದ ಬಗೆಯನ್ನು ಇದರ ಮಗ್ಗುಲಿಗೆ ಇಟ್ಟು ನೋಡಬಹುದು. ಅಭಿನವಪಂಪನೆನಿಸಿಕೊಂಡ ನಾಗಚಂದ್ರನ ರಾಮಾಯಣದಲ್ಲಿ ರಾವಣ ಹುಟ್ಟುಕೇಡಿಗನಲ್ಲ. ತನ್ನನ್ನು ಬಯಸದ ಪರಸ್ತ್ರೀಯನ್ನು ಮುಟ್ಟೆನೆಂದು ವ್ರತ ತೊಟ್ಟವನು. ಒಂದು ಮೋಹಕ್ಕೆ ಸಿಕ್ಕಿ ಕೆಟ್ಟವನು. ಕೊನೆಗೆ ಸೀತೆಯ ಶೀಲವನ್ನು ಕಂಡು ಪಶ್ಚಾತ್ತಾಪಪಟ್ಟವನು. ಅವನು ಬಿದ್ದನೆಂದು ಹೇಳಬೇಕಾದರೆ ಮೊದಲು ಅವನು ನಿಂತಿದ್ದನೆಂದು ಒಪ್ಪಬೇಕು. ಕವಿ ಅಷ್ಟು ಗೌರವವನ್ನು ಶತ್ರುವಿಗೂ ಸಲ್ಲಿಸಿದ್ದಾನೆ. ರಾಮನಿಗೂ ರಾವಣನಿಗೂ ಅಲ್ಲಿ ಅಳತೆ ಒಂದೇ.

ಆಟದವರು ಈ ತೊಡಕನ್ನು ಕಾಣದೆ ಇಲ್ಲ. 2008ರ ಪರಿಷ್ಕರಣದಲ್ಲಿ ಒಂಬತ್ತು ಮನೆಗಳನ್ನು ಐದಕ್ಕೆ ಇಳಿಸಿದರು. ಪ್ಯಾಲಡಿನ್ ಯಾವ ಪಕ್ಷದವನಾದರೂ ಆಗಬಹುದೆಂದರು. 2014ರಲ್ಲಿ ಒಂಬತ್ತು ಮನೆಗಳು ಹಿಂದಿರುಗಿದುವು. ಪ್ಯಾಲಡಿನ್ನನನ್ನು ಮಾತ್ರ ಅವುಗಳಿಗೆ ಕಟ್ಟಿಹಾಕದೆ, ತಾನು ತೊಟ್ಟ ಪ್ರತಿಜ್ಞೆಗೆ ಕಟ್ಟಿದರು. 2020ರಲ್ಲಿ ಪ್ರಕಾಶಕರು, ಓರ್ಕರನ್ನೂ ಅಂಥ ಇತರರನ್ನೂ ಇನ್ನು ಮುಂದೆ ಬೇರೆ ಜನರಂತೆಯೇ ಒಳಿತು ಕೇಡು ಎರಡಕ್ಕೂ ಶಕ್ತರಾದ ಜನರೆಂದು ಚಿತ್ರಿಸುವುದಾಗಿ ಪ್ರಕಟಿಸಿದರು. ಈ ಕೊನೆಯ ತಿದ್ದುಪಾಟು ನನಗೆ ಸಂಪೂರ್ಣ ಸಮ್ಮತ. ಪ್ಯಾಲಡಿನ್ನನ ವಿಷಯದಲ್ಲಿ ಮಾತ್ರ ನನಗೆ ಸ್ವಲ್ಪ ಅನುಮಾನವಿದೆ. ಹಳೆಯ ನಿಯಮ ಕ್ರೂರವಾಗಿತ್ತು; ಸೂತ್ರಧಾರರು ಬೇಕೆಂದೇ ಬಲೆಯೊಡ್ಡಿ ಪ್ಯಾಲಡಿನ್ನನನ್ನು ಬೀಳಿಸುತ್ತಿದ್ದರು, ಸ್ನೇಹಿತರಲ್ಲಿ ಜಗಳವಾಗುತ್ತಿತ್ತು ಎಂದು ಆಡಿದವರು ಹೇಳುತ್ತಾರೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ, ಧರ್ಮದ ಹೆಸರಿನಲ್ಲಿ ಕತ್ತಿ ಹಿಡಿದವನು ಉಳಿದವರಿಗಿಂತ ಬಿಗಿಯಾದ ಲೆಕ್ಕ ಒಪ್ಪಿಸಬೇಕು ಎಂಬ ತತ್ತ್ವ ಆ ಕ್ರೂರ ನಿಯಮದ ಒಳಗೆ ಇತ್ತು. ಶತ್ರುವಿನ ಹಣೆಯ ಮೇಲಿನ ಗುರುತನ್ನು ಅಳಿಸಿದ್ದು ಒಳ್ಳೆಯದು. ಅದರ ಜೊತೆಗೆ ನಮ್ಮ ಮೇಲಿನ ಕಟ್ಟುನಿಟ್ಟನ್ನೂ ಸಡಿಲಿಸಿಕೊಂಡರೆ ಲಾಭ ಅರ್ಧವೇ ಆದೀತು.

ನಾವು ಪಟ್ಟಣದ ಜನ, ಕತ್ತಿ ಹಿಡಿಯುವವರಲ್ಲ. ಆದರೆ ಪತ್ರಿಕೆಯನ್ನು ಓದುತ್ತ, ಬಸ್ಸಿಗೆ ಕಾಯುತ್ತ, ಊಟದ ಮನೆಯಲ್ಲಿ ಮಾತನಾಡುತ್ತ, ‘ಆ ಜನವೇ ಹಾಗೆ’ ಎಂದು ಹೇಳದ ದಿನ ಎಷ್ಟು? ನಮ್ಮ ಹುಡುಗ ಸುಳ್ಳು ಹೇಳಿದರೆ ಅದು ಒಂದು ತಪ್ಪು; ಅವರ ಹುಡುಗ ಹೇಳಿದರೆ ಅದು ಅವರ ಕುಲದ ಗುಣ. ಆ ಎರಡು ಅಳತೆಗಳು ಓರ್ಕರ ಗುಹೆಯಲ್ಲಿ ಮಾತ್ರ ಇಲ್ಲ. ನನ್ನ ವಿದ್ಯಾರ್ಥಿಗಳನ್ನು ಕೇಳಿದೆ: ‘ಆ ಗುಹೆಯ ಕೂಸುಗಳನ್ನು ನೀವು ಏನು ಮಾಡಿದಿರಿ?’ ಒಬ್ಬಳು ಹೇಳಿದಳು: ‘ಎತ್ತಿಕೊಂಡು ಹೊರಟೆವು ಸಾರ್. ಮುಂದೆ ಆರು ವಾರ ಕಥೆಯೆಲ್ಲ ಅವಕ್ಕೆ ಹಾಲು ಹುಡುಕುವುದೇ ಆಯಿತು. ನಿಧಿಯನ್ನು ಬೇರೆಯವರು ಹೊತ್ತುಕೊಂಡು ಹೋದರು.’ ಒಳಿತಿನ ವೆಚ್ಚ ಸಾಮಾನ್ಯವಾಗಿ ಹೀಗೆಯೇ ಇರುತ್ತದೆ. ಅದನ್ನು ಕೊಡಲು ಸಿದ್ಧನಾದವನನ್ನು ಧರ್ಮಯೋಧನೆಂದು ಕರೆಯಲು ನನ್ನ ಅಡ್ಡಿಯಿಲ್ಲ.